ಹಾರಿಸಿ ಓದಿದ ಪುಟಗಳು

ಇವತ್ತು ಮುಂಜಾನೆ ಪಡಸಾಲೆ ಒರೆಸಲು ಬಕೆಟ್ಟಿನ ನೀರಿಗೆ ಫಿನೈಲ್ ಸುರಿದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಹೆಣ ಕೊಯ್ಯುವ ಕೋಣೆ ನೆನಪಾಯಿತು. ಹೆದರಬೇಡಿ. ಅಂಥ ಕೋಣೆಯೊಳಗೆ ನಾನು ಎಂದೂ ಕಾಲಿಟ್ಟವಳಲ್ಲ. ಆದರೂ ಕಣ್ಣು ಮುಚ್ಚಿದರೆ ಕಲ್ಲಿನ ಮೇಜು, ಮೇಲೆ ತೂಗುವ ದೀಪ, ಕೈಗವಸು ಏರಿಸಿಕೊಳ್ಳುತ್ತಿರುವ ನಮ್ಮ ಡಾಕ್ಟರಮ್ಮ, ಎಲ್ಲ ಕಾಣುತ್ತದೆ. ಓದಿದ್ದರ ಮಹಿಮೆ ಅದು. ಓದಿದ್ದು ಎಂದೆನಲ್ಲ, ನನ್ನ ತಪ್ಪು ಆ ಮಾತಿನಲ್ಲೇ ಇದೆ. ನಿಧಾನವಾಗಿ ಹೇಳುತ್ತೇನೆ.

ನಮ್ಮದು ವಾಡಿಯಲ್ಲಿ, ಸಿಮೆಂಟ್ ಕಾರ್ಖಾನೆಯ ಮಗ್ಗುಲಿನ ಓಣಿ. ನಾನೂ ನನ್ನ ತಂಗಿ ಶರಣಮ್ಮನೂ ದಂಡೋತಿಯಿಂದ ಒಂದೇ ಮನೆಗೆ ಸೊಸೆಯರಾಗಿ ಬಂದವರು, ಅಣ್ಣ ತಮ್ಮಂದಿರನ್ನು ಕಟ್ಟಿಕೊಂಡವರು. ಹಾಗಾಗಿ ಅವಳು ನನಗೆ ತಂಗಿಯೂ ಹೌದು, ನೆಗೆಣ್ಣಿಯೂ ಹೌದು. ಜಗಳಕ್ಕೆ ಯಾವತ್ತೂ ಕಾರಣ ಕಡಿಮೆ ಬೀಳಲಿಲ್ಲ. ನಾನು ನಾಲ್ಕನೆಯ ಇಯತ್ತೆಗೇ ಪಾಟಿ ಕೆಳಗಿಟ್ಟವಳು. ಅವಳು ಚಿತ್ತಾಪುರಕ್ಕೆ ಹೋಗಿ ಹತ್ತನೆಯದನ್ನು ಪಾಸು ಮಾಡಿದಳು.

ಅವಳ ಗಂಡ, ಅಂದರೆ ನನ್ನ ಮೈದುನ, ಒಮ್ಮೆ ಕಲಬುರಗಿಯಿಂದ ಒಂದು ಕಾದಂಬರಿ ತಂದ. ಶವಪರೀಕ್ಷೆ ಮಾಡುವ ಡಾಕ್ಟರಮ್ಮನೊಬ್ಬಳ ಕಥೆ. ಅದು ಮುಗಿದ ಮೇಲೆ ಅದೇ ಡಾಕ್ಟರಮ್ಮನದು ಇನ್ನೊಂದಿದೆ, ಮತ್ತೊಂದಿದೆ ಎಂದು ತಿಳಿಯಿತು. ಸರಿ, ಮಧ್ಯಾಹ್ನಗಳಿಗೆ ಒಂದು ದಾರಿ ಆಯಿತು. ನಾನು ರೊಟ್ಟಿ ಬಡಿಯುವುದು, ಅವಳು ಹೊಸ್ತಿಲ ಬೆಳಕಿಗೆ ಕೂತು ಗಟ್ಟಿಯಾಗಿ ಓದುವುದು. ಸುಟ್ಟ ರೊಟ್ಟಿಯನ್ನು ನಮ್ಮ ಮನೆಯ ಗಂಡಸರು ಅಷ್ಟು ತಿಂದದ್ದು ಆ ಡಾಕ್ಟರಮ್ಮನ ದೆಸೆಯಿಂದ.

ಆಕೆ ಹಲ್ಲು ನೋಡಿ ವಯಸ್ಸು ಹೇಳುತ್ತಾಳೆ. ಹೆಣಕ್ಕೆ ಬಿದ್ದ ಹುಳು ನೋಡಿ ಜೀವ ಹೋಗಿ ಎಷ್ಟು ಹೊತ್ತಾಯಿತು ಎನ್ನುತ್ತಾಳೆ. ನಾನೋ, ಸತ್ತ ಮೇಲೆ ಮನುಷ್ಯ ಮಣ್ಣು, ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ ಎಂದು ತಿಳಿದವಳು. ಒಂದು ಪುಸ್ತಕದಲ್ಲಿ ಗುರುತಿಲ್ಲದ ಒಬ್ಬ ಹೆಂಗಸಿನ ಎಲುಬುಗಳು ಸಿಗುತ್ತವೆ. ಡಾಕ್ಟರಮ್ಮ ಅವನ್ನು ಒಂದೊಂದಾಗಿ ಕೈಗೆತ್ತಿಕೊಂಡು, ಈಕೆ ತಲೆಯ ಮೇಲೆ ಭಾರ ಹೊತ್ತು ಬದುಕಿದವಳು, ಎಡಗೈ ಮುರಿದು ಸೊಟ್ಟಗೆ ಕೂಡಿಕೊಂಡಿದೆ, ಯಾರೂ ಔಷಧ ಮಾಡಿಸಿಲ್ಲ ಎನ್ನುತ್ತಾಳೆ. ಬದುಕಿದ್ದಾಗ ಯಾರೂ ವಿಚಾರಿಸದ ಹೆಂಗಸನ್ನು ಸತ್ತ ಮೇಲೆ ಒಬ್ಬಳು ಕೂತು ಅಷ್ಟು ಹೊತ್ತು ವಿಚಾರಿಸಿಕೊಂಡಳಲ್ಲ ಎಂದು ನಾನು ಹಿಟ್ಟು ಮೆತ್ತಿದ ಕೈಯಲ್ಲಿ ಹಾಗೇ ಕೂತುಬಿಟ್ಟೆ. ಆಮೇಲೆ ನನ್ನ ಮಣಿಕಟ್ಟು ಮುಟ್ಟಿ ನೋಡಿಕೊಂಡೆ. ಇಷ್ಟು ವರ್ಷ ಬಡಿದ ರೊಟ್ಟಿ ಇದರೊಳಗೂ ಗುರುತು ಬಿಟ್ಟಿರಬಹುದೇ ಎಂದು.

"ಆಕಿ ವಾಡಿಗಿ ಬಂದ್ರ ಏನ್ ಮಾಡ್ತಾಳ ಹೇಳು," ಎಂದೆ ಒಮ್ಮೆ. "ಎಲ್ಲಾರ ಮೈಮ್ಯಾಗೂ ಅದೇ ಸಿಮಿಟಿನ ಧೂಳು. ಊರಿಗೂರೇ ಜೇಲಿಗಿ ಹೋಗಬೇಕಾಗ್ತದ."

"ಮೊದಲ ನಿನ್ನೇ ಹಿಡೀತಾಳ ಯಕ್ಕಾ," ಎಂದಳು ಶರಣಮ್ಮ. "ನಿನ್ನ ಸೆರಗಿಗಿ ಜ್ವಾಳದ ಹಿಟ್ಟೂ ಅದ."

ಕೊನೆಯ ಅಧ್ಯಾಯ ಬಂದಾಗ ಅವಳು ಪುಟದೊಳಗೆ ಬೆರಳಿಟ್ಟು ಪುಸ್ತಕ ಮುಚ್ಚುತ್ತಿದ್ದಳು. ಕೊಂದವರು ಯಾರು ಎಂದು ಇಬ್ಬರೂ ಹೇಳಬೇಕು. ಯಾವ ಪುಸ್ತಕವಾದರೂ ನನ್ನ ಅನುಮಾನ ಸತ್ತವರ ಮನೆಯ ಅಳಿಯನ ಮೇಲೆಯೇ. ಅವಳು ಮಾತ್ರ ಡಾಕ್ಟರಮ್ಮ ಮೇಜಿನ ಹತ್ತಿರ ಹೇಳಿದ್ದನ್ನೆಲ್ಲ ನೆನಪಿಟ್ಟು, ಒಂದಕ್ಕೊಂದು ಕೂಡಿಸಿ ಒಂದು ಹೆಸರು ಹೇಳುವಳು. ತಪ್ಪಿದ್ದೇ ಇಲ್ಲ.

ಆಮೇಲೆ ಸಕ್ಕರೆ ಕಾಯಿಲೆ ಅವಳ ಕಣ್ಣಿಗೆ ಇಳಿಯಿತು. ಮನುಷ್ಯರ ಆಕಾರ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಅವಳು ಅಳಲಿಲ್ಲ. "ಇನ್ನ ನೀ ಓದು, ರೊಟ್ಟಿ ನಾ ಬಡೀತೀನಿ," ಎಂದಳು. ಅವಳ ಕೈಗೆ ರೊಟ್ಟಿ ಬಡಿಯಲು ಕಣ್ಣು ಬೇಕಾಗಿರಲಿಲ್ಲ. ನನ್ನ ಕಣ್ಣಿಗೆ ಓದಲು ವಿದ್ಯೆ ಬೇಕಾಗಿತ್ತು.

ಮಾತುಕತೆ ಬಂದ ಕಡೆ ಹೇಗೋ ದಾಟುತ್ತಿದ್ದೆ. ಡಾಕ್ಟರಮ್ಮ ಕೈಗವಸು ಹಾಕಿಕೊಂಡಳೆಂದರೆ ನನ್ನ ಓದು ಅಲ್ಲೇ ನಿಲ್ಲುತ್ತಿತ್ತು. ಒತ್ತಕ್ಷರದ ಮೇಲೆ ಒತ್ತಕ್ಷರ ಹೊತ್ತು ನಿಂತ ಉದ್ದುದ್ದ ಶಬ್ದಗಳು. ಮೊದಲು ಒಂದು ಶಬ್ದ ಬಿಟ್ಟೆ. ಆಮೇಲೆ ಒಂದು ಸಾಲು. ರುಚಿ ಹತ್ತಿದ ಮೇಲೆ ಪುಟವನ್ನೇ ಬಿಟ್ಟು, "ಪರೀಕ್ಷೆ ಮುಗಿಯಿತು, ಡಾಕ್ಟರಮ್ಮ ಕೈ ತೊಳೆದಳು" ಎಂದು ಸ್ವಂತ ವಾಕ್ಯ ಸೇರಿಸಿ ಪೊಲೀಸರು ಬರುವಲ್ಲಿಗೆ ಜಿಗಿಯುತ್ತಿದ್ದೆ.

ನಾನು ಓದಿದ ಮೊದಲ ಪುಸ್ತಕದಲ್ಲಿ ಶರಣಮ್ಮ ಹೇಳಿದ ಹೆಸರು ತಪ್ಪಿತು. ನಕ್ಕಳು. ಎರಡನೆಯದರಲ್ಲೂ ತಪ್ಪಿತು. ನಗಲಿಲ್ಲ. ಮೂರನೆಯದು ಹಿಟ್ಟಿನ ಗಿರಣಿಯೊಳಗೆ ಒಬ್ಬನ ಹೆಣ ಸಿಗುವ ಕಥೆ. ಅವಳು ಬಹಳ ಹೊತ್ತು ಯೋಚಿಸಿ, ಗಿರಣಿ ಮಾಲೀಕನೇ ಕೊಂದವನು ಎಂದಳು. ಅವನಲ್ಲ, ಸತ್ತವನ ಗೆಳೆಯ, ಟೆಂಪೋ ಓಡಿಸುವವನು. ಅವಳು ಕೈಯಲ್ಲಿದ್ದ ಹಿಟ್ಟಿನ ಮುದ್ದೆಯನ್ನು ಕೆಳಗಿಟ್ಟಳು.

"ಯಕ್ಕಾ, ನಂದು ಕಣ್ಣಷ್ಟೇ ಅಲ್ಲ. ತಲೀನೂ ಹೋಗ್ಲಿಕತ್ತದ. ಏನೂ ಕೂಡಿಸ್ಲಿಕ್ಕ ಬರವಲ್ದು. ಪುಸ್ತಕ ಸಾಕು ಬಿಡು."

ನನಗೆ ಮೊದಲು ಆದದ್ದು ಸಮಾಧಾನ. ಇನ್ನು ಓದಬೇಕಾಗಿಲ್ಲವಲ್ಲ ಎಂದು. ಮುಚ್ಚಿಟ್ಟು ಏನು ಮಾಡಲಿ, ಅದೇ ನಿಜ.

ಆದರೆ ಅವಳು ಪುಸ್ತಕವೊಂದನ್ನೇ ಬಿಡಲಿಲ್ಲ. ಸಾರಿಗೆ ಉಪ್ಪು ಹಾಕುವ ಮೊದಲು "ಹಾಕೀನೋ ಇಲ್ಲೋ, ನೀನೇ ನೋಡವಾ" ಎನ್ನತೊಡಗಿದಳು. ಗುಳಿಗೆ ತಾನೇ ತೆಗೆದುಕೊಳ್ಳುವುದನ್ನು ಬಿಟ್ಟಳು. ಶಹಾಬಾದದಿಂದ ಮಗಳು ಫೋನು ಮಾಡಿ ಏನೋ ಕೇಳಿದರೆ, "ನಿನ್ನ ದೊಡ್ಡವ್ವಗ ಕೇಳು, ನನಗ ತಿಳ್ಯಾಂಗಿಲ್ಲ," ಎಂದು ನನ್ನ ಕೈಗೆ ಕೊಡುತ್ತಿದ್ದಳು.

ಒಂದು ದಿನ ಅವಳು ಮಲಗಿದ್ದಾಗ ಗಿರಣಿಯ ಪುಸ್ತಕ ತೆಗೆದು ನಾನು ಬಿಟ್ಟ ಪುಟ ಹುಡುಕಿದೆ. ಅಕ್ಷರದ ಕೆಳಗೆ ಬೆರಳಿಟ್ಟು ಓದಿದೆ. ಹೆಣದ ಮುಖದ ಮೇಲೆಲ್ಲ ಹಿಟ್ಟು ಕೂತಿದೆ, ಆದರೆ ಮೂಗಿನೊಳಗೆ, ಗಂಟಲಲ್ಲಿ ಒಂದು ಕಣವೂ ಇಲ್ಲ ಎಂದು ಬರೆದಿತ್ತು. ಅಂದರೆ ಅವನು ಗಿರಣಿಯಲ್ಲಿ ಉಸಿರೇ ಆಡಿಲ್ಲ. ಬೇರೆಲ್ಲೋ ಸತ್ತವನನ್ನು ತಂದು ಹಾಕಿದ್ದಾರೆ. ತರಲು ಗಾಡಿ ಬೇಕು. ಕಾರ್ಖಾನೆಯ ಪಾಳಿ ಮುಗಿಸಿ ಬಂದ ಗಂಡನ ಕರವಸ್ತ್ರದಲ್ಲಿ ದಿನಾ ಬೂದು ಕಲೆ ನೋಡಿ ಒಗೆಯುವವಳು ನಾನು. ಧೂಳಿನಲ್ಲಿ ಉಸಿರಾಡಿದವರ ಮೂಗು ಹೇಗಿರುತ್ತದೆ ಎಂಬುದು ಈ ಮನೆಯಲ್ಲಿ ಇಬ್ಬರಿಗೂ ಗೊತ್ತು. ಆ ಒಂದು ಸಾಲು ಕಿವಿಗೆ ಬಿದ್ದಿದ್ದರೆ ಶರಣಮ್ಮ ರೊಟ್ಟಿ ತಿರುವುವಷ್ಟರಲ್ಲಿ ಹೇಳುತ್ತಿದ್ದಳು.

ಎದ್ದ ಮೇಲೆ ಅವಳ ಮುಂದೆ ಕೂತು ಎಲ್ಲ ಹೇಳಿದೆ.

"ಅಂದ್ರ ನನ್ನ ತಲಿ ನೆಟ್ಟಗ ಅದ?"

"ಅದ."

"ಓದ್ಲಿಕ್ಕ ಬರಲ್ಲಂತ ಹೇಳಿದ್ರ ನಾ ಏನ್ ನಿನಗ ಹೊಡೀತಿದ್ನಾ?"

"ನಾಚಿಕಿ ಬಂತು. ಅಕ್ಕ ಅನಸ್ಕೊಂಡವಳು."

"ನಿನ್ನ ನಾಚಿಕಿ ಸಲುವಾಗಿ ನಾ ಉಪ್ಪು ಹಾಕ್ಲಿಕ್ಕ ಅಂಜ್ಕೋತ ಕುಂತೀನಿ," ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. ಆ ದಿನವಿಡೀ ನನ್ನೊಡನೆ ಮಾತಾಡಲಿಲ್ಲ. ಸಂಜೆ ಸಾರು ಮಾತ್ರ ಅವಳೇ ಮಾಡಿದಳು, ಯಾರನ್ನೂ ಕೇಳದೆ.

ಎರಡು ದಿನ ಬಿಟ್ಟು ತಾನೇ ಹೇಳಿದಳು: "ತಗಿ ಪುಸ್ತಕ. ಬರಲಾರದ್ದು ಬಂದ್ರ ಒಂದೊಂದೇ ಅಕ್ಷರ ಹೇಳು. ಕೂಡಿಸೋದು ನನಗ ಬಿಡು."

ಈಗ ಹಾಗೆಯೇ ನಡೆದಿದೆ. ನಾನು ಸರಾಗವಾಗಿ ಓದಿದರೆ ಅವಳ ಕೈ ನಿಲ್ಲುತ್ತದೆ. "ಏನರೆ ಬಿಟ್ಟೀಯೇನು?" ಎನ್ನುತ್ತಾಳೆ. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದಕ್ಕೆ, "ನೀ ತಡವರಿಸಿದ್ರ ನನಗ ಧೈರ್ಯ. ಖರೇ ಓದ್ಲಿಕತ್ತೀ ಅಂತ," ಎಂದಳು. ಡಾಕ್ಟರಮ್ಮನ ಕೈಗೆ ಸಿಕ್ಕಿಬಿದ್ದ ಹಾಗಾಯಿತು ನನಗೆ.

ಇವತ್ತು ಮಧ್ಯಾಹ್ನ ಸಾಲಿನ ಅರ್ಧ ಜಾಗ ತಿಂದ ಒಂದು ಶಬ್ದ ಬಂತು. ಬೆರಳಿಟ್ಟೆ. ಮೊದಲ ಅಕ್ಷರ ಹೇಳಿದೆ, ಎರಡನೆಯದು ಹೇಳಿದೆ, ಮೂರನೆಯದರ ಹತ್ತಿರ ನಿಂತೆ. ಒಳಗೆ ಬಂದ ಮೈದುನ, "ಊಟಕ್ಕ ಏನರೆ ಅದನಾ?" ಎಂದ.

"ಜರಾ ಸುಮ್ಕಿರ್ರಿ," ಎಂದಳು ಶರಣಮ್ಮ. "ಅಕ್ಕ ಓದ್ಲಿಕತ್ತಾಳ."