ಏನೂ ಇಲ್ಲವೆನ್ನದ ಸುಗಲಾಬಾಯಿಯವರು

ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಕನ್ನಡ ಕ್ರೈಸ್ತ ಸಭೆಗಳಲ್ಲಿ ಸುವಾರ್ತಾ ಸೇವಕಿಯರಾಗಿ ದುಡಿದವರು ಹಲವರು. ಅವರ ನಡುವೆ, ಆಡುವ ಮಾತಿಗಿಂತ ಮೊದಲು ಯೋಚನೆಯೇ ಸತ್ಯವಾಗಿರಬೇಕೆಂದು ನಡೆದುಕೊಂಡವರು ಈ ವರ್ಷ ನಿವೃತ್ತರಾಗುತ್ತಿರುವ ಶ್ರೀಮತಿ ಸುಗಲಾಬಾಯಿಯವರು. ಈ ಲೇಖನವನ್ನು ನನ್ನ ಹೆಂಡತಿ ಕಲ್ಯಾಣಮ್ಮ ಬರೆಯಬೇಕಿತ್ತು. ಆಕೆ ಕಳೆದ ಮಳೆಗಾಲದಲ್ಲಿ ಕರ್ತನಲ್ಲಿ ನಿದ್ರಿಸಿದಳು. ಆದುದರಿಂದ ನಾನು ಬರೆಯುತ್ತಿದ್ದೇನೆ.

ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಸೇವೆಗೆ ಬಂದ ಅವರು ಮೊದಲ ವರ್ಷಗಳನ್ನು ವಾಗದರಿ, ನಾಗಣಸೂರಗಳಲ್ಲಿ ಕಳೆದರು. ಒಕ್ಕಲು ಮನೆಗಳ ಹೆಂಗಸರು, ಧರ್ಮ ಬೇರೆಯಾದರೂ, ಅವರನ್ನು ಬಾಣಂತಿಯ ಕೋಣೆಯವರೆಗೆ ಕರೆದುಕೊಳ್ಳುತ್ತಿದ್ದರು. ಕೂಸು ಸೊರಗಿದ್ದರೆ ಸೊರಗಿದೆ ಎಂದೇ ಹೇಳುವರು. ಹೇಳಿದ ಮೇಲೆ ತಾಯಿ, ಮಗು ಇಬ್ಬರನ್ನೂ ತಾವೇ ಗಾಡಿಯಲ್ಲಿ ಅಕ್ಕಲಕೋಟೆಯ ದವಾಖಾನೆಗೆ ಕರೆದೊಯ್ದು ಜೊತೆಗೆ ಉಳಿಯುವರು.

ಎಪ್ಪತ್ತರ ದಶಕದ ಆರಂಭದಲ್ಲಿ ಅವರು ಸೊಲ್ಲಾಪುರದ ನಮ್ಮ ಸಭೆಗೆ ಬಂದು, ವಿಜಾಪುರ ರಸ್ತೆಯಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನೆಲೆಸಿದರು. ಕಲ್ಯಾಣಮ್ಮನಿಗೂ ಅವರಿಗೂ ಅಕ್ಕತಂಗಿಯರ ಸಲುಗೆ ಬೆಳೆಯಿತು.

ಮುಂದೆ ಕಲ್ಯಾಣಮ್ಮನಿಗೆ ಹೊಟ್ಟೆನೋವು ಕಾಣಿಸಿಕೊಂಡಿತು. ಸಭೆಯವರು ಕೂಡಿ ಪ್ರಾರ್ಥಿಸಿದರು, ನೋವು ತಗ್ಗಿತು. ಆಕೆ ಪ್ರಾರ್ಥನಾಕೂಟದಲ್ಲಿ ಎದ್ದುನಿಂತು, ದೇವರು ವಾಸಿಮಾಡಿದನೆಂದು ಸಾಕ್ಷಿ ಹೇಳಿದಳು. ಸಭೆಯ ಹಿರಿಯರಾದ ಕಲ್ಲಣ್ಣನವರು ಅದನ್ನು ಹೋದ ಹಳ್ಳಿಯಲ್ಲೆಲ್ಲ ಸಾರಿದರು. ಆದರೆ ನೋವು ಮರಳಿ ಬಂತು. ಅದನ್ನು ಹೇಳಿದರೆ ಕರ್ತನ ಹೆಸರೇ ಸುಳ್ಳಾದೀತೆಂದು ಬಗೆದ ಆಕೆ ನನಗೂ ಗೊತ್ತಾಗಗೊಡಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿಯುಂಟು. ರೊಟ್ಟಿಯನ್ನೂ ದ್ರಾಕ್ಷಾರಸದ ಪಾತ್ರೆಯನ್ನೂ ಹಂಚಿಕೊಳ್ಳುವ ಕರ್ತನ ಭೋಜನದ ಹಿಂದಿನ ಶನಿವಾರ ಎಲ್ಲರೂ ಕೂಡಿ, ಮನಸ್ತಾಪ ಉಳಿದಿಲ್ಲವೆಂದು ತಿಳಿಸಲು ಒಬ್ಬೊಬ್ಬರ ಕೈಹಿಡಿದು, "ನನ್ನ ಮನಸ್ಸಿನ್ಯಾಗ ನಿಮ್ಮ ಬಗ್ಗೆ ಏನೂ ಇಲ್ಲ" ಎನ್ನಬೇಕು. ಅದು ಬಾಯಿಪಾಠವಾಗಿ ಹೋಗಿತ್ತು. ನೋವು ಮರಳಿದ ದಿನಗಳ ಅಂಥದೊಂದು ಶನಿವಾರ ಸುಗಲಾಬಾಯಿಯವರು ಕಲ್ಯಾಣಮ್ಮನ ಕೈಹಿಡಿದು ಸುಮ್ಮನೆ ನಿಂತರು.

"ಹೇಳ್ರಿ ಬಾಯಿ, ಹಿಂದ ಮಂದಿ ನಿಂತಾರ," ಎಂದರು ಕಲ್ಲಣ್ಣ.

"ಏನೂ ಇಲ್ಲ ಅನ್ನಾಕ ಬರಂಗಿಲ್ರಿ. ಅದ."

ಕಲ್ಯಾಣಮ್ಮ ನಕ್ಕಳು. "ನಿನ್ನ ಹಾಡು ಬೇಸೂರ ಅಂದಿದ್ದಕ್ಕ ಇಷ್ಟು ಸಿಟ್ಟೇನ?"

"ಹಾಡಿಂದಲ್ಲ, ಅಕ್ಕ. ಕುಪ್ಪಸ ಮತ್ತ ಮತ್ತ ಒಳಗ ಹಿಡದು ಹೊಲಿಯಾಕತ್ತಿ. ನಿನ್ನ ರೊಟ್ಟಿ ಆಡು ತಿನ್ನಾಕತ್ತದ. ಮನ್ಯಾಗ ಕೇಳಿದ್ರ ಮಾತು ಹಾರಸ್ತಿ. ಆರಾಮ ಆಗ್ಯದ ಅಂತ ನೀ ಅಂದಿ, ಹೌದು ಅಂತ ನಾ ಅಂದೆ. ಇಬ್ಬರೂ ಸುಳ್ಳಾದ್ವಿ. ಇದನ್ನ ಇಟ್ಕೊಂಡು ನಾಳಿ ಪಾತ್ರಿ ಹ್ಯಾಂಗ ಮುಟ್ಟಲಿ?"

"ಸುವಾರ್ತಿ ಹೇಳೋರಿಗೇ ವಿಶ್ವಾಸ ಇಲ್ಲಂದ್ರ ಮಂದಿ ಏನಂದಾರು?" ಎಂದರು ಕಲ್ಲಣ್ಣ.

"ಈಕಿ ಸತ್ತರ ಏನಂತಾರ, ಅದನ್ನೂ ನೋಡ್ರಿ."

ಕಲ್ಯಾಣಮ್ಮ ಜಮಖಾನೆಯ ಮೇಲೆ ಕುಳಿತುಬಿಟ್ಟಳು. "ಭಾಳ ನೋಯ್ತದ, ಸುಗಲಾ," ಎಂದಳು. ಆ ಮಾತನ್ನು ನಾನು ಕೇಳಿದ್ದು ಅಂದೇ.

ದವಾಖಾನೆಯಲ್ಲಿ ಗಡ್ಡೆಯೆಂದರು. ಶಸ್ತ್ರಕ್ರಿಯೆಯಾಯಿತು, ಪೂರ್ತಿ ತೆಗೆಯಲಾಗಲಿಲ್ಲ. ಇತ್ತ ಕಲ್ಲಣ್ಣನವರ ದೂರಿನ ಮೇಲೆ ಸುಗಲಾಬಾಯಿಯವರನ್ನು ಸ್ತ್ರೀಯರ ಕೂಟದಲ್ಲಿ ಮಾತನಾಡದಂತೆ ತಡೆದರು. ಅವರು ವಾದಿಸದೆ ಹಿಂದಿನ ಸಾಲಿನಲ್ಲಿ ಕೂತರು. ಕಲ್ಯಾಣಮ್ಮ ಎದ್ದು ಓಡಾಡುವಂತಾದಾಗ ಅದೇ ಪ್ರಾರ್ಥನಾಕೂಟದಲ್ಲಿ ಮತ್ತೆ ನಿಂತು, "ನನ್ನ ಬ್ಯಾನಿ ಹೋಗಿಲ್ರಿ. ದೇವರೂ ನನ್ನ ಬಿಟ್ಟು ಹೋಗಿಲ್ಲ," ಎಂದಳು. ತಡೆ ತಾನಾಗಿ ಬಿದ್ದುಹೋಯಿತು. ಮುಂದಿನ ಶನಿವಾರ ಕಲ್ಲಣ್ಣನವರು ಸುಗಲಾಬಾಯಿಯವರ ಮುಂದೆ ಬಂದು, "ನನ್ನ ಮನಸ್ಸಿನ್ಯಾಗ ಇನ್ನೂ ಸ್ವಲ್ಪ ಅದರಿ," ಎಂದರು.

"ಹಾಂ, ಈಗ ಖರೇ ಮಾತಾಡಿದ್ರಿ," ಎಂದು ಅವರು ನಗುತ್ತ ಕೈಹಿಡಿದರು.

ಆಮೇಲೆ ದೇವರು ನಮಗೆ ಕೆಲವು ವರ್ಷಗಳನ್ನು ಕೊಟ್ಟನು. ಕೊನೆಯ ದಿನಗಳಲ್ಲಿ ಕಲ್ಯಾಣಮ್ಮ, "ನಾ ಉಳೀತೀನೇನ?" ಎಂದು ಕೇಳಿದಾಗ ನಾವೆಲ್ಲ ಮುಖ ತಿರುಗಿಸಿದೆವು. "ಇಲ್ಲ ಅನಸ್ತದ, ಅಕ್ಕ. ನಾ ಇಲ್ಲೇ ಇರ್ತೀನಿ," ಎಂದವರು ಸುಗಲಾಬಾಯಿಯವರೇ. ಅದರಿಂದಾಗಿ ಗಂಡಹೆಂಡಿರಿಬ್ಬರೂ ಹೇಳದೆ ಉಳಿಸಿಕೊಂಡಿದ್ದ ಮಾತುಗಳನ್ನೆಲ್ಲ ಆಡಿಕೊಳ್ಳಲು ನಮಗೆ ಸಮಯ ಸಿಕ್ಕಿತು.

ನಿವೃತ್ತರಾದ ಮೇಲೂ ಅವರು ಹಳ್ಳಿಗಳಿಗೆ ಹೋಗುವುದನ್ನು ಬಿಡುವವರಲ್ಲ. ಆ ಕಾಲುಗಳಿಗೆ ಕರ್ತನು ಬಲವನ್ನೂ ಅವರಿಗೆ ದೀರ್ಘಾಯುಷ್ಯವನ್ನೂ ಕೊಡಲಿ. ಹೋಗುವ ದಾರಿಯಲ್ಲಿ ನಮ್ಮ ಮನೆಗೂ ಬರುತ್ತಿರಲಿ. ಈಗ ಎಲ್ಲರೂ "ಆರಾಮ ಇದ್ದೀರೇನ್ರಿ?" ಎಂದು ಕೇಳಿ ನಡೆದುಬಿಡುತ್ತಾರೆ, ಅವರು ಉತ್ತರ ಬರುವವರೆಗೆ ನಿಲ್ಲುತ್ತಾರೆ. ಆರಾಮ ಇಲ್ಲವೆಂದು ನಾನು ಅವರೊಬ್ಬರಿಗೆ ಹೇಳಿದ್ದೇನೆ.