ಅತ್ತೆ ತೋರಿಸಿಕೊಟ್ಟ ಕೆಮ್ಮು

ನನ್ನ ಅರ್ಧ ಆಯುಷ್ಯ ಊರವರ ಕಫ ನೋಡುವುದರಲ್ಲೇ ಕಳೆಯಿತು. ಹೀಗೆಂದರೆ ಊಟಕ್ಕೆ ಕೂತವರು ಮುಖ ಸಿಂಡರಿಸುತ್ತಾರೆ. ಅದಕ್ಕೇ ಊಟಕ್ಕೆ ಕೂತಾಗಲೇ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಶ್ರೀನಿವಾಸಪುರದ ಕಡೆಯ ಒಂದು ಆಸ್ಪತ್ರೆಯ ಲ್ಯಾಬಿಗೆ ಸೇರಿದೆ. ಕೆಮ್ಮಿಕೊಂಡು ಬಂದವರ ಕೈಗೆ ಡಬ್ಬಿ ಕೊಟ್ಟು ಕಫ ಹಾಕಿ ಅಂದರೆ ಬರುತ್ತಿದ್ದುದು ಬರೀ ತಿಳಿ ಎಂಜಲು. ಅದರಲ್ಲಿ ಕ್ಷಯದ ಕ್ರಿಮಿ ಹುಡುಕುವುದು ಮಜ್ಜಿಗೆಯ ಮೇಲಿನ ತಿಳಿನೀರಿನಲ್ಲಿ ಬೆಣ್ಣೆ ಹುಡುಕಿದ ಹಾಗೆ. ನಮ್ಮ ಕಡೆ ಆಸ್ಪತ್ರೆಗೆ ಹೋಗುವುದೆಂದರೆ ನೆಂಟರ ಮನೆಗೆ ಹೋದಂತೆ. ತಲೆಗೆ ಎಣ್ಣೆ, ಒಗೆದ ಸೀರೆ, ಬಾಯಲ್ಲಿ ಎಲೆಅಡಿಕೆ. ಮುಂಜಾನೆ ಎದೆಯಿಂದ ಬಂದ ಒಳ್ಳೆಯ ಕಫವನ್ನು ತಿಪ್ಪೆಗೆ ಉಗಿದು, ಡಾಕ್ಟರಿಗೆ ಮರ್ಯಾದೆಯಿಂದ ಕೆಂಪು ಎಂಜಲು ತರುತ್ತಿದ್ದರು. ಸೊಸೆಯಂದಿರಂತೂ ಹಿರಿಯರ ಎದುರು ಗಟ್ಟಿಯಾಗಿ ಕೆಮ್ಮುವುದುಂಟೇ? ಸೆರಗು ಅಡ್ಡ ಹಿಡಿದು, ಬೆಕ್ಕು ಸೀನಿದಷ್ಟು ಸದ್ದು ಮಾಡಿ, ಡಬ್ಬಿ ಮುಚ್ಚಿ ಕೊಡುತ್ತಿದ್ದರು. ನಾನು ಎಲ್ಲರಿಗೂ ‘ಕ್ರಿಮಿ ಇಲ್ಲ’ ಎಂದು ಬರೆಯುತ್ತಿದ್ದೆ.

“ನೀವು ಬಂದ್ಮೇಲೆ ತಾಲ್ಲೂಕಲ್ಲಿ ಕ್ಷಯಾನೇ ಹೊರಟೋಯ್ತು ನೋಡಿ” ಎಂದು ಡಾಕ್ಟರು ಚುಚ್ಚಿದರು.

ನನಗೆ ಮೈಯೆಲ್ಲ ಉರಿಯಿತು. ಮಾರನೆಯ ದಿನವೇ ಆಸ್ಪತ್ರೆಯ ಹಿಂದಿನ ಮಾವಿನ ಮರದ ಕೆಳಗೆ ಕೆಮ್ಮಿನ ಪಾಠಶಾಲೆ ತೆರೆದೆ. ಬಾಯಿ ತೊಳಿ, ಉಸಿರು ಎಳೆದು ಹಿಡಿ, ಬಿಡು, ಮತ್ತೆ ಎಳಿ, ಈಗ ಹೊಟ್ಟೆ ಅದುಮಿಕೊಂಡು ಎದೆಯ ತಳದಿಂದ ಕೆಮ್ಮು. ಬರೀ ಹೇಳಿದರೆ ಯಾರಿಗೂ ಅರ್ಥವಾಗದು, ನಾನೇ ಕೆಮ್ಮಿ ತೋರಿಸುತ್ತಿದ್ದೆ. ಮೊದಲು ಈ ಮೇಡಮ್ಮಿನ ಕಫ ನೋಡಿಸಿ ಎಂದು ಆಸ್ಪತ್ರೆಯ ಆಯಾ ಹೋಗಿ ಡಾಕ್ಟರಿಗೆ ದೂರು ಕೊಟ್ಟಳು.

ಆ ಶಾಲೆಗೆ ಒಂದು ದಿನ ಮುಳಬಾಗಿಲು ಕಡೆಯ ಹಳ್ಳಿಯಿಂದ ಅತ್ತೆ ಸೊಸೆ ಬಂದರು. ಮನೆಯಲ್ಲಿ ರೇಷ್ಮೆ ಹುಳ ಸಾಕುವವರು. ಸೊಸೆಗೆ ಇಪ್ಪತ್ತೂ ಆಗಿರಲಿಲ್ಲ. ಅತ್ತೆಯ ಕಂಕುಳಲ್ಲಿ ಒಂದು ಬಟ್ಟೆಗಂಟು.

“ಇದಕ್ಕೆ ದಗ್ಗು ಶುರುವಾಗಿ ಎಷ್ಟೋ ದಿನ ಆಯ್ತು ತಾಯಿ” ಎಂದರು ಅತ್ತೆ. ಕೆಮ್ಮಿಗೆ ಅವರ ಬಾಯಲ್ಲಿ ತೆಲುಗಿನ ದಗ್ಗು. “ಆ ಕಾಯಿಲೆ ಅಂತ ಒಂದ್ ಮಾತು ಹೇಳ್ಬಿಡಿ, ಇಲ್ಲಿಂದ್ಲೇ ತವರಿಗೆ ಬಸ್ ಹತ್ತಿಸ್ತೀನಿ. ಬಟ್ಟೆನೂ ತಂದಿದ್ದೀನಿ.” ಇಷ್ಟು ಹೇಳುವಷ್ಟರಲ್ಲಿ ಅವರೇ ಎರಡು ಸಲ ಕೆಮ್ಮಿದರು.

“ನಿಮಗೂ ಇದೆಯಲ್ಲಮ್ಮ ಕೆಮ್ಮು?”

“ನಂದು ಬಿಡು, ಹೊಗೆಸೊಪ್ಪಿಂದು. ನಮ್ಮಮ್ಮಂಗೂ ಇತ್ತು.”

ಸೊಸೆ ಗಂಟನ್ನೇ ನೋಡುತ್ತ ನಿಂತಿದ್ದಳು. ಆ ಹುಡುಗಿಯ ಮುಖ ನೋಡಿ ನನಗೆ ಸಂಕಟವಾಯಿತು. ಪಾಠ ಹೇಳಿದೆ. ಅವಳು ಅತ್ತೆಯ ಎದುರು ಬೆಕ್ಕಿನ ಸೀನು ಸೀನಿದಳು. ಇನ್ನೊಮ್ಮೆ ಹೇಳಿದೆ, ಇನ್ನೊಮ್ಮೆ ಸೀನಿದಳು. ಅತ್ತೆಗೆ ತಾಳ್ಮೆ ಕೆಟ್ಟಿತು.

“ಕೆಮ್ಮೋಕೂ ಬರಲ್ವಲ್ಲೇ ನಿನಗೆ. ಕೊಡಿಲ್ಲಿ. ನೋಡು, ಹಿಂಗೆ ಕಣೇ.” ಡಬ್ಬಿ ಕಿತ್ತುಕೊಂಡು, ಸೊಂಟಕ್ಕೆ ಕೈ ಕೊಟ್ಟು, ಉಸಿರು ಎಳೆದು ಹಿಡಿದು ಕೆಮ್ಮಿದರು ನೋಡಿ, ಮರದ ಮೇಲಿನ ಕಾಗೆಗಳೆಲ್ಲ ಹಾರಿಹೋದವು. ಅಂಥ ಶಿಷ್ಯೆ ನನಗೆ ಮತ್ತೆ ಸಿಗಲಿಲ್ಲ. ಡಬ್ಬಿಯಲ್ಲಿ ಗಟ್ಟಿಯಾದ, ಹಳದಿ ಬಣ್ಣದ ಅಪ್ಪಟ ಕಫ.

“ಇದನ್ನೂ ನೋಡ್ತೀನಮ್ಮ, ಯಾಕೆ ದಂಡ ಮಾಡೋದು” ಅಂದೆ.

“ನೋಡ್ಕೋ ಹೋಗು. ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತೋ ಕಲ್ಲಿದ್ದಂಗಿದೆ ನನ್ನ ಎದೆ.”

ಆ ಡಬ್ಬಿಗೆ ಅತ್ತೆಯ ಹೆಸರನ್ನೇ ಬರೆದು, ಅವರನ್ನು ಟೀ ಕುಡಿಯಲು ಕಳಿಸಿದೆ. ಅತ್ತೆ ಮರೆಯಾದದ್ದೇ ತಡ, ಸೊಸೆ ಇನ್ನೊಂದು ಡಬ್ಬಿಗೆ ಚೆನ್ನಾಗಿ ಕೆಮ್ಮಿ ಕೊಟ್ಟಳು. ನಾಳೆ ಬೆಳಗ್ಗೆ ಎದ್ದ ಕೂಡಲೇ ಬರುವ ಕಫವನ್ನೂ ಇಬ್ಬರೂ ತನ್ನಿ ಎಂದು ಬೇರೆ ಡಬ್ಬಿಗಳನ್ನು ಕೊಟ್ಟು ಕಳಿಸಿದೆ.

ಮರುದಿನ ಡಬ್ಬಿಗಳು ಬಂದವು, ಗಂಟೂ ಬಂತು. ಕಫವನ್ನು ಗಾಜಿಗೆ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸೊಸೆಯ ಗಾಜುಗಳು ಎರಡೂ ಬರೀ ನೀಲಿ. ಅತ್ತೆಯ ಗಾಜುಗಳಲ್ಲಿ ಆ ನೀಲಿಯ ಮೇಲೆ ಎಲ್ಲಿ ನೋಡಿದರೂ ಕೆಂಪು ಕಡ್ಡಿಗಳು. ಅವೇ ಕ್ಷಯದ ಕ್ರಿಮಿಗಳು. ಅಷ್ಟು ದಿನ ಖಾಲಿ ಗಾಜು ನೋಡಿದ ಕಣ್ಣಿಗೆ ಹಬ್ಬವಾಯಿತು ಅಂದರೆ ಪಾಪ ಬರುತ್ತದೋ ಏನೋ, ಆದರೆ ಆಯಿತು. ಗಾಜು ಹಿಡಿದುಕೊಂಡು ಡಾಕ್ಟರ ಕೋಣೆಗೆ ಓಡಿದೆ. ಅವರು ನೋಡಿದರು, ಮತ್ತೆ ಚುಚ್ಚಲಿಲ್ಲ.

ಇಬ್ಬರನ್ನೂ ಕೂರಿಸಿಕೊಂಡು ಡಾಕ್ಟರು ನಿಧಾನವಾಗಿ ಹೇಳಿದರು. ಸೊಸೆಯದು ಹುಳದ ಮನೆಯ ದೂಳಿನ ಕೆಮ್ಮಿರಬಹುದು, ಆದರೂ ಇನ್ನೊಮ್ಮೆ ನೋಡೋಣ. ಕ್ಷಯ ಇರುವುದು ಅತ್ತೆಗೆ. ಮಾತ್ರೆ ತಿಂದರೆ ವಾಸಿಯಾಗುತ್ತದೆ, ಆದರೆ ವರ್ಷದ ಮೇಲೂ ಬಿಡದೆ ತಿನ್ನಬೇಕು. ಅತ್ತೆ ಗಂಟು ಅವುಚಿಕೊಂಡು ಎದ್ದರು. ಹೊರಗೆ ಬಂದು ಕಲ್ಲುಬೆಂಚಿನ ಮೇಲೆ ಕುಸಿದು ಕೂತರು. ಹಿಂದಿನ ದಿನ ಕಾಗೆ ಹಾರಿಸಿದ ಎದೆಯಿಂದ ಈಗ ಬೆಕ್ಕಿನ ಸೀನಿನಷ್ಟೂ ಸದ್ದಿಲ್ಲ.

ಸೊಸೆ ಅತ್ತೆಯ ಕಂಕುಳಿನಿಂದ ಗಂಟನ್ನು ಬಿಡಿಸಿ ಅವರ ತೊಡೆಯ ಮೇಲೆ ಇಟ್ಟಳು. ಆಮೇಲೆ ಬಹಳ ವಿನಯದಿಂದ ಕೇಳಿದಳು.

“ಅತ್ತೆ, ನಿಮ್ಮ ತವರು ಯಾವೂರು?”

ಅತ್ತೆಯ ಬಾಯಿ ತೆರೆದದ್ದು ಹಾಗೆಯೇ ನಿಂತಿತು. ನಾನು ಲ್ಯಾಬಿನ ಬಾಗಿಲ ಹಿಂದೆ ಸೆರಗು ಕಚ್ಚಿಕೊಂಡು ನಿಂತಿದ್ದೆ. ಹುಡುಗಿ ಆ ಬಾಯನ್ನು ಕಣ್ತುಂಬ ನೋಡಿದಳು. ಸಾಕೆನಿಸಿದ ಮೇಲೆ ಗಂಟು ಬಿಚ್ಚಿ, ತನ್ನ ಸೀರೆಗಳ ನಡುವೆ ಅತ್ತೆಯ ಮಾತ್ರೆಗಳನ್ನು ಜೋಪಾನವಾಗಿ ಇಟ್ಟು, ಮತ್ತೆ ಕಟ್ಟಿ ತನ್ನ ಕಂಕುಳಿಗೆ ಏರಿಸಿಕೊಂಡಳು.

“ಏಳಿ, ಮನೆಗೆ ಹೋಗೋಣ. ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು.”