‘ಯಾವ ಕೋಟಾ?’ ಎಂದು ಕೇಳಿದ ಮೇಲೆ

“ಯಾವ ಕೋಟಾನಮ್ಮಾ?” ಎಂದು ಪಕ್ಕದ ಕುರ್ಚಿಯಲ್ಲಿದ್ದ ಹುಡುಗಿಯನ್ನು ಕೇಳಿದೆ. ಜೆ.ಪಿ. ನಗರದ ಕಡೆಯ ಒಂದು ದಂತ ವೈದ್ಯಕೀಯ ಕಾಲೇಜಿನಲ್ಲಿ ನಾನೂ ನನ್ನ ಮಗಳೂ ಪ್ರವೇಶಕ್ಕೆ ಮೂಲ ದಾಖಲೆ ತೋರಿಸಲು ಕಾಯುತ್ತಿದ್ದೆವು. ಹುಡುಗಿ ಅರೆಕೆರೆಯವಳು. ಅವಳ ತಾಯಿ ಅರ್ಧ ದಿನ ರಜೆ ಹಾಕಿ, ಗಾರ್ಮೆಂಟ್ಸ್‌ನ ಗುರುತಿನ ಚೀಟಿ ಕೊರಳಲ್ಲಿದ್ದಂತೆಯೇ ಬಂದಿದ್ದರು. ಅದನ್ನು ನೋಡಿಯೇ ನಾನು ಹಾಗೆ ಕೇಳಿದ್ದು. ಜಾತಿಯನ್ನು ನೇರವಾಗಿ ಕೇಳಲು ಸಂಕೋಚಪಡುವ ನಮ್ಮಂಥವರು ಹೀಗೆಯೇ ಕೇಳುತ್ತೇವೆ.

“ಜನರಲ್ ಮೆರಿಟ್ ಅಂಕಲ್” ಎಂದಳು, ಬೇಸರವಿಲ್ಲದೆ. ಆಮೇಲೆ ನನ್ನ ಮಗಳ ಕಡೆ ತಿರುಗಿ, “ನಿಂದು?” ಎಂದಳು.

ಮಗಳು ತಲೆ ಎತ್ತಲಿಲ್ಲ. “ಎನ್‌ಆರ್‌ಐ.”

“ಸಖತ್! ಯಾವ ದೇಶದಲ್ಲಿದ್ರಿ?”

“ಇಲ್ಲೇ, ಬನಶಂಕರಿ.”

ತಮಾಷೆ ಎಂದುಕೊಂಡು ಹುಡುಗಿ ಜೋರಾಗಿ ನಕ್ಕಳು. ಆದರೆ ಅದು ನಿಜವಾಗಿತ್ತು. ನೀಟ್‌ನಲ್ಲಿ ನನ್ನ ಮಗಳು ಕನಿಷ್ಠ ಅರ್ಹತೆಯನ್ನಷ್ಟೇ ದಾಟಿದ್ದಳು. ಮಸ್ಕತ್ತಿನಲ್ಲಿರುವ ನನ್ನ ಭಾವಮೈದುನ ಅವಳ ಪ್ರಾಯೋಜಕನಾಗಿದ್ದರಿಂದ ಅನಿವಾಸಿ ಭಾರತೀಯರ ಕೋಟಾದಲ್ಲಿ ಸೀಟು ಸಿಕ್ಕಿತ್ತು. ನಿಯಮದಲ್ಲಿ ಅದಕ್ಕೆ ಅವಕಾಶವಿದೆ ಎಂದು ವಿವರಿಸಲು ಬಾಯಿ ತೆರೆದೆ. ಮಗಳು ನನ್ನ ತೋಳು ಹಿಡಿದು, “ಸಾಕು, ಸುಮ್ನಿರಪ್ಪಾ” ಎಂದಳು.

ತರಗತಿ ಶುರುವಾದ ದಿನ ಆ ಹುಡುಗಿ ಪಕ್ಕದಲ್ಲಿ ಜಾಗ ಹಿಡಿದು ಕರೆದಳಂತೆ. ಮಗಳು ಕೇಳಿಸದವಳಂತೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತಳಂತೆ. ಅವರಿಬ್ಬರೂ ಇನ್ನು ಐದು ವರ್ಷ ಜೊತೆಗಿರಬೇಕು. ಮಗಳು ಆ ಹಿಂದಿನ ಬೆಂಚಿನಲ್ಲಿ ಹೊತ್ತು ಕುಳಿತಿರುವ ನಾಚಿಕೆ ನನ್ನದು.